ಬರೆಯುತ್ತಾರೆ, ಆದರೆ ಓದಲು ಆಗುತ್ತಿಲ್ಲ: ಅಪ್ಪನಿಗೆ ಏನಾಗಿದೆ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಯಿತು. ಕೈಕಾಲು, ಮಾತು ಎಲ್ಲಾ ಸರಿ ಇದೆ. ಆದರೆ ಪೇಪರ್ ಓದಲು ಆಗುತ್ತಿಲ್ಲ. ವಿಚಿತ್ರ ಅಂದರೆ, ಚೆನ್ನಾಗಿ ಬರೆಯುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ತೋರಿಸಿದರೆ ಓದಲಾರರು. ಕನ್ನಡಕ ಬದಲಿಸಿದರೂ ಪ್ರಯೋಜನವಿಲ್ಲ. ಸುಮ್ನೆ ಹಟ ಮಾಡುತ್ತಿದ್ದಾರೆ ಅಂತ ಮನೆಯಲ್ಲಿ ಕೆಲವರು ಹೇಳುತ್ತಾರೆ. ಅವರಿಗೆ ಮತ್ತೆ ಅ ಆ ಇ ಈ ಕಲಿಸಬೇಕಾ?
– ಓದುಗರು, ಹಾಸನ

ಉತ್ತರ: ದಯವಿಟ್ಟು ಅವರನ್ನು ಬೈಯಬೇಡಿ. ಇದು ಹಟ ಅಲ್ಲ. ನೀವು ಹೇಳಿದ ಲಕ್ಷಣಗಳು ‘ಪ್ಯೂರ್ ಅಲೆಕ್ಸಿಯಾ’ ಎಂಬ ತೊಂದರೆಗೆ ಹೊಂದುತ್ತವೆ. ಅವರ ಎಂಆರ್‌ಐ ನೋಡಿದ ನರರೋಗ ತಜ್ಞರು ಇದನ್ನು ಖಚಿತವಾಗಿ ಹೇಳಬಲ್ಲರು.

ಮೆದುಳಿನಲ್ಲಿ ಹುಟ್ಟಿನಿಂದಲೇ ಓದಿಗೆಂದು ಮೀಸಲಾದ ಜಾಗ ಇಲ್ಲ. ಬರವಣಿಗೆ ಶುರುವಾಗಿ ಐದು ಸಾವಿರ ವರ್ಷದ ಮೇಲೆ ಸ್ವಲ್ಪ ಆಯಿತು, ಅಷ್ಟೇ. ಅಷ್ಟರಲ್ಲಿ ಹೊಸ ಅಂಗ ಬೆಳೆಯಲು ಸಾಧ್ಯವಿಲ್ಲ. ಹಾಗಾಗಿ ಓದು ಕಲಿಯುವಾಗ, ವಸ್ತು, ಮುಖ ಗುರುತಿಸುವ ಎಡ ಮೆದುಳಿನ ಹಿಂಬದಿ, ಕೆಳಭಾಗದ ಒಂದು ಪುಟ್ಟ ಜಾಗ ಅಕ್ಷರಗಳಿಗೆ ಪಳಗುತ್ತದೆ. ಕನ್ನಡವಾಗಲಿ, ಚೀನಿಯಾಗಲಿ, ಹೆಚ್ಚುಕಡಿಮೆ ಅದೇ ಜಾಗ. ಅಲ್ಲಿಂದ ನರತಂತುಗಳು ಉಚ್ಚಾರಣೆ ಮತ್ತು ಅರ್ಥ ನೋಡಿಕೊಳ್ಳುವ ಭಾಗಗಳಿಗೆ ಹೋಗುತ್ತವೆ. ಇವೆಲ್ಲ ಸೇರಿದರೇ ಓದು.

ಈ ತೊಂದರೆಯಲ್ಲಿ ಸಾಮಾನ್ಯವಾಗಿ ಎಡ ಮೆದುಳಿನ ಹಿಂಭಾಗಕ್ಕೆ ರಕ್ತ ಹೋಗುವುದು ನಿಂತಿರುತ್ತದೆ. ಬಲ ಮೆದುಳು ಅಕ್ಷರವನ್ನು ನೋಡುತ್ತದೆ, ಆದರೆ ಎಡಗಡೆಯ ಭಾಷಾಭಾಗಕ್ಕೆ ಅದನ್ನು ತಲುಪಿಸುವ ದಾರಿ ಕಡಿದಿರುತ್ತದೆ. ಬರೆಯುವಾಗ ಮಾತಿನ ಭಾಗದಿಂದ ಕೈಗೆ ಹೋಗುವ ದಾರಿಯೇ ಬೇರೆ. ಅದು ಉಳಿದಿದೆ. ಪ್ಯಾರಿಸ್ಸಿನ ವೈದ್ಯ ಜೂಲ್ ದೆಜೆರಿನ್ ಇಂಥದ್ದೇ ರೋಗಿಯ ಬಗ್ಗೆ 1892ರಲ್ಲಿ ಬರೆದರು. ಆತನೂ ಬರೆಯುತ್ತಿದ್ದ, ಓದಲಾರದವನಾಗಿದ್ದ. ಆದರೆ ಅಕ್ಷರದ ಮೇಲೆ ಬೆರಳಾಡಿಸಿದರೆ ಅದು ಯಾವುದೆಂದು ಹೇಳುತ್ತಿದ್ದ!

ನಿಮಗೆ ಬೇಕಾದ ದಾರಿ ಇಲ್ಲೇ ಇದೆ. ನಿಮ್ಮ ತಂದೆಗೆ ಅಕ್ಷರ ಮರೆತಿಲ್ಲ, ಅ ಆ ಇ ಈ ಕಲಿಸುವುದು ಬೇಡ. ಕಂಡ ಅಕ್ಷರವನ್ನು ಬೆರಳಿನಿಂದ ತಿದ್ದಲಿ, ಇಲ್ಲವೇ ಅಂಗೈ ಮೇಲೆ ಬರೆದುಕೊಳ್ಳಲಿ, ಜೋರಾಗಿ ಹೇಳಲಿ. ಒತ್ತಕ್ಷರಗಳಿಗೆ ಜಾಸ್ತಿ ಹೊತ್ತು ಬೇಕಾಗಬಹುದು, ಅವಸರ ಮಾಡಬೇಡಿ. ಒಂದೇ ಚಿಕ್ಕ ಪ್ಯಾರಾವನ್ನು ದಿನಾ ಹಲವು ಸಲ ಗಟ್ಟಿಯಾಗಿ ಓದುವ ಅಭ್ಯಾಸವೂ ಕೆಲವರಿಗೆ ನೆರವಾಗಿದೆ. ಮೊದಲಿನಷ್ಟು ವೇಗ ಬರುತ್ತದೆ ಎಂದು ಭರವಸೆ ಕೊಡಲಾರೆ. ಆದರೂ ಈ ವಯಸ್ಸಿನಲ್ಲಿ ಏನಾಗುತ್ತೆ ಅಂತ ಕೈಚೆಲ್ಲಬೇಡಿ. ಉತ್ತರ ಪ್ರದೇಶದಲ್ಲಿ ಓದು ಬಾರದ ದೊಡ್ಡವರಿಗೆ ಆರು ತಿಂಗಳು ದೇವನಾಗರಿ ಕಲಿಸಿದಾಗ ಅವರ ಮೆದುಳಿನ ಜೋಡಣೆಗಳೇ ಬದಲಾದವು ಎಂದು 2017ರ ಅಧ್ಯಯನ ತೋರಿಸಿದೆ. ಅವರಿಗೆ ಸ್ಟ್ರೋಕ್ ಆಗಿರಲಿಲ್ಲ ನಿಜ, ಆದರೆ ದೊಡ್ಡವರ ಮೆದುಳೂ ಕಲಿಯುತ್ತದೆ ಅನ್ನುವುದಂತೂ ಖಾತ್ರಿ. ನಿಮಗೆ ಮೈಸೂರು ಹತ್ತಿರ, ಅಲ್ವಾ? ಅಲ್ಲಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಒಮ್ಮೆ ತೋರಿಸಿ.

ಇನ್ನೊಂದು ಮುಖ್ಯ ವಿಷಯ. ಇಂಥವರಲ್ಲಿ ಹಲವರಿಗೆ ಎರಡೂ ಕಣ್ಣಿನಲ್ಲಿ ಬಲಗಡೆಯ ನೋಟ ಹೋಗಿರುತ್ತದೆ, ಅದು ಅವರಿಗೇ ಗೊತ್ತಿರುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ‘ವಿಷುವಲ್ ಫೀಲ್ಡ್’ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಸ್ಕೂಟರ್ ಕೀ ಅವರ ಕೈಗೆ ಕೊಡಬೇಡಿ.