ಮುನ್ನೂರು ಮ್ಯಾಗ್ನಮ್ ಕೊಟ್ಟುಬಿಡಲಾ ಎಂದು ಕೇಳಿದ ಬದಿಯಡ್ಕದ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಕಾಸರಗೋಡಿನ ಬದಿಯಡ್ಕದಿಂದ ಕೆನಡಾದ ಆಲ್ಬರ್ಟಾಕ್ಕೆ ಬಂದು ಎರಡು ವರ್ಷ ಆಯಿತು, ಲೈಸೆನ್ಸ್ ಸಿಕ್ಕಿತು, ಕೆಲಸದ ಜಾಗದ ಹಿರಿಯರೊಬ್ಬರು ತಮ್ಮ .300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್, ಜೋರು ಒದೆಯುವ ದೊಡ್ಡ ತೋಟೆಯದ್ದು) ರೈಫಲನ್ನು ಕಡಿಮೆಗೆ ಕೊಟ್ಟರು. ಆದರೆ ನೂರು ಮೀಟರಿನಲ್ಲಿ ನಿನ್ನ ಈಡು ಒಂದು ಗೇಣು ಅಗಲಕ್ಕೆ ಚೆದುರುತ್ತಿದೆ. ಈಗ ಅಂಗಡಿಯವರು ಅದನ್ನು ಇಟ್ಟುಕೊಂಡು, ಮೇಲೆ ಸ್ವಲ್ಪ ದುಡ್ಡು ಹಾಕಿದರೆ ಹೊಸ 6.5 ಕ್ರೀಡ್‌ಮೋರ್ ಅನ್ನುವ ಬೇರೆ ತೋಟೆಯ ರೈಫಲ್ ಕೊಡುತ್ತಾರಂತೆ. ಕೊಡಲಾ ಬೇಡವಾ, ಜಿಂಕೆ ಬೇಟೆಯ ನವೆಂಬರ್ ಹತ್ತಿರ ಬಂತು ಅಂತ ಕೇಳಿದ್ದೀ.

ನಾನು ಪೆರ್ಲದವನು. ಇಲ್ಲಿಗೆ ಬಂದು 17 ವರ್ಷ. ರೆಡ್ ಡೀರ್ ಹತ್ತಿರ ಮನೆ. ಇದೇ ಪ್ರಶ್ನೆ ನನ್ನ ಮುಂದೆಯೂ ಬಂದಿತ್ತು, ನಾನು ಯಾರನ್ನೂ ಕೇಳಲಿಲ್ಲ, ಅದಕ್ಕೇ ನಿನಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಬದಲಿಸಬಹುದು ಅಂತಲೇ ನನ್ನ ಅಭಿಪ್ರಾಯ. ಆದರೆ ಈ ವಾರವೇ ಬೇಡ. ಈಡು ತಪ್ಪುತ್ತಿರುವುದು ಕೋವಿಯಿಂದಲಾ ನಿನ್ನಿಂದಲಾ ಅಂತ ಮೊದಲು ಗೊತ್ತಾಗಲಿ. ಇಲ್ಲದಿದ್ದರೆ ಹೊಸ ಕೋವಿಯಲ್ಲಿಯೂ ಅದೇ ಕಥೆ.

ಮೊದಲು ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂತಿರುವ ಸ್ಕ್ರೂಗಳನ್ನು ನೋಡು. ಮ್ಯಾಗ್ನಮ್ ಒದೆತಕ್ಕೆ ಅವು ಸಡಿಲ ಆಗುತ್ತವೆ, ಸೆಕೆಂಡ್ ಹ್ಯಾಂಡ್ ಕೋವಿಯಲ್ಲಂತೂ ಯಾರು ಎಷ್ಟು ಬಿಗಿ ಮಾಡಿದ್ದಾರೋ ಗೊತ್ತಿರುವುದಿಲ್ಲ. ಅದು ಸರಿ ಇದ್ದರೆ ಇನ್ನೊಂದು ಕೆಲಸ ಮಾಡು. ನಾಲ್ಕು ಸುಳ್ಳು ತೋಟೆ ತಾ, ಮದ್ದು ಇಲ್ಲದ್ದು, ಇಲ್ಲಿ ಸ್ನ್ಯಾಪ್ ಕ್ಯಾಪ್ ಅನ್ನುತ್ತಾರೆ. ರೇಂಜ್‌ನಲ್ಲಿ (ಈಡು ಅಭ್ಯಾಸ ಮಾಡುವ ಜಾಗ) ಲೈಸೆನ್ಸ್ ಇರುವ ಸ್ನೇಹಿತನ ಹತ್ತಿರ ಕೋವಿ ಕೊಟ್ಟು, ನಿಜದ್ದು ಒಂದು ಸುಳ್ಳಿದ್ದು ಒಂದು ಬೆರೆಸಿ ತುಂಬಲು ಹೇಳು. ನೀನು ನೋಡಬಾರದು. ಸುಳ್ಳು ತೋಟೆ ಬಂದಾಗ ಟಕ್ ಅಂತ ಒಂದು ಸದ್ದು ಬರುತ್ತದೆ ಅಷ್ಟೆ, ಆಗ ನಳಿಗೆಯ ತುದಿ ಕದಲದೆ ನಿಂತಿತಾ ಅಥವಾ ಕೆಳಗೆ ಕುಕ್ಕಿತಾ ಅಂತ ಅವನು ನೋಡಲಿ. ಕುಕ್ಕಿದರೆ ಕೋವಿಯ ತಪ್ಪಲ್ಲ. ಒದೆತ ಬರುತ್ತದೆ ಅಂತ ನಿನ್ನ ಮೈ ಮೊದಲೇ ಹೆದರಿ ಕೋವಿಯನ್ನು ತಳ್ಳುತ್ತಿದೆ ಅಂತ ಅರ್ಥ. ನನ್ನದು ಸರಿಯಾಗಿ ಎರಡು ಬೆರಳು ಕುಕ್ಕಿತ್ತು. ಕಣ್ಣು ಮುಚ್ಚುತ್ತಿದ್ದೆ ಅಂತಲೂ ಸ್ನೇಹಿತ ಹೇಳಿದ, ನನಗೆ ಅದು ಗೊತ್ತೇ ಇರಲಿಲ್ಲ.

ಆದರೆ ಆ ಪರೀಕ್ಷೆ ನಾನು ಮಾಡಿದ್ದು ತಡವಾಗಿ. ಅದಕ್ಕಿಂತ ಮೊದಲು ಒಂದು ನವೆಂಬರಿನಲ್ಲಿ, ಸಂಜೆ ನಾಲ್ಕೂವರೆ ಹೊತ್ತಿಗೆ, ಸಾಸಿವೆಯಂಥ ಕ್ಯಾನೋಲಾ ಬೆಳೆ ಕೊಯ್ದ ಗದ್ದೆಯ ಅಂಚಿನಲ್ಲಿ ಒಂದು ಬಿಳಿಬಾಲದ ಹೆಣ್ಣು ಜಿಂಕೆ ಬಂತು. ಸುಮಾರು 150 ಮೀಟರ್. ನನ್ನ ಕೈಯಲ್ಲಿಯೂ ಇದೇ .300. ಹೊಡೆದೆ, ಜಿಂಕೆ ಮುಗ್ಗರಿಸಿ ಎದ್ದು ಪೊದೆಗೆ ನುಗ್ಗಿತು. ಹೋಗಿ ನೋಡಿದರೆ ಹಿಮದ ಮೇಲೆ ಎಲೆಯಡಿಕೆ ಉಗುಳಿದ ಹಾಗೆ ಸಣ್ಣ ಸಣ್ಣ ಹನಿ, ನಡುವೆ ಒಂದು ಚೂರು ಮೂಳೆ, ನಾಲ್ಕು ಗಿಡ್ಡ ಕೂದಲು. ಈಡು ಕೆಳಗೆ ಬಿದ್ದು ಮುಂಗಾಲಿಗೆ ತಾಗಿತ್ತು. ಟಾರ್ಚ್ ಹಿಡಿದು ರಾತ್ರಿ ಒಂಬತ್ತರವರೆಗೆ ಹನಿ ಹುಡುಕಿಕೊಂಡು ಹೋದೆ, ಆಮೇಲೆ ಹಿಮ ಬೀಳಲು ಸುರುವಾಗಿ ದಾರಿಯೇ ಮುಚ್ಚಿಹೋಯಿತು. ಬೆಳಿಗ್ಗೆ ಪುನಃ ಹೋದಾಗ ಸಿಕ್ಕಿತು. ಇಲ್ಲಿನ ನರಿಯಂಥ ಕಯೋಟಿಗಳು ಅರ್ಧ ತಿಂದಿದ್ದವು. ಆ ಜೀವ ರಾತ್ರಿಯಿಡೀ ಮೂರು ಕಾಲಿನಲ್ಲಿ ಓಡಿತ್ತು, ನಾನು ಹೊಡೆಯಲು ಹೆದರುತ್ತಿದ್ದ ಕೋವಿಯನ್ನು ಹಿಡಿದುಕೊಂಡು ಹೋಗಿದ್ದಕ್ಕೆ. ಇವತ್ತಿಗೂ ಆ ಗದ್ದೆಯ ಹತ್ತಿರ ಕಾರಿನಲ್ಲಿ ಹೋಗುವಾಗ ಮಾತಾಡಲು ಮನಸ್ಸು ಬರುವುದಿಲ್ಲ.

ಅದಕ್ಕೇ ಹೇಳುವುದು, ದೊಡ್ಡ ಕೋವಿ ಬಿಟ್ಟರೆ ನಾಚಿಕೆ ಅಂತ ಎಣಿಸಬೇಡ. ನಿನ್ನ ಕೆಲಸದ ಜಾಗದಲ್ಲಿ ಯಾರಾದರೂ ಏನಾದರೂ ಅಂದರೆ ಅನ್ನಲಿ.

ಇನ್ನು ಯಾವುದು ತೆಗೆದುಕೊಳ್ಳುವುದು. .300 ವಿನ್ ಮ್ಯಾಗ್ 1963ರಲ್ಲಿ ಬಂದದ್ದು, ಎಲ್ಕ್, ಮೂಸ್ ಅಂಥ ದೊಡ್ಡ ಪ್ರಾಣಿಗೆ, ದೂರದ ಈಡಿಗೆ ಒಳ್ಳೆಯದು. ಒಂದೇ ತೂಕದ ಕೋವಿಯಲ್ಲಿ ನೋಡಿದರೆ ಅದರ ಒದೆತ ಇಲ್ಲಿ ಸಾಮಾನ್ಯವಾಗಿ ಕಾಣುವ .308 ಬೇಟೆ ರೈಫಲಿನ ಸುಮಾರು ಒಂದೂವರೆ ಪಟ್ಟು. ನೀನು ಹೋಗುವುದು ಜಿಂಕೆಗೆ. ಮೂಸ್‌ಗೆ ಹೆಚ್ಚಿನ ಕಡೆ ಬೇಟೆ ಪರವಾನಗಿಗೆ ಚೀಟಿ ಎತ್ತುವ ಡ್ರಾದಲ್ಲಿ ಹೆಸರು ಬರಬೇಕು, ಅದು ಯಾವಾಗಲೋ. ನಾನು ಇಷ್ಟು ವರ್ಷದಲ್ಲಿ 200 ಮೀಟರ್ ದಾಟಿ ಹೊಡೆದದ್ದು ಎರಡೇ ಸಲ. ಹಾಗಿರುವಾಗ ಆ ಮದ್ದಿನ ಭಾರ ನಿನಗೆ ಎಂತಕ್ಕೆ ಮಾರಾಯ?

6.5 ಕ್ರೀಡ್‌ಮೋರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. 2007ರಲ್ಲಿ ಬಂದದ್ದು, ಗುರಿ ಹೊಡೆಯುವ ಸ್ಪರ್ಧೆಯವರಿಗೆ ಅಂತ ಮಾಡಿದ್ದು, ಒದೆತ ತುಂಬಾ ಕಡಿಮೆ, ಜಿಂಕೆಗೆ ಧಾರಾಳ ಸಾಕು. ನಿನ್ನ ಹೆಗಲಿಗೆ ಅದೇ ಹಿಡಿಸಿದರೆ ತೆಗೆದುಕೋ. ಆದರೆ ನನ್ನನ್ನು ಕೇಳಿದರೆ .308. ಅದು 1952ರಿಂದ ಇದೆ. ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿಯೂ ಅದರ ತೋಟೆ ಸಿಗುತ್ತದೆ, ಅಗ್ಗದ್ದು ಸಿಗುತ್ತದೆ, ಅಗ್ಗ ಇದ್ದರೆ ಜಾಸ್ತಿ ಅಭ್ಯಾಸ ಮಾಡುತ್ತೀ. ಮುಂದೆ ಎಂದಾದರೂ ಡ್ರಾದಲ್ಲಿ ಹೆಸರು ಬಂದರೆ ಮೂಸ್‌ಗೂ ಆಗುತ್ತದೆ, ಪುನಃ ಬದಲಿಸುವ ಕೆಲಸ ಇಲ್ಲ. ಹಳೆಯ ಕಾಲದ .30-06 ಸಿಕ್ಕಿದರೆ ಅದೂ ಒಳ್ಳೆಯದೇ, ಸ್ವಲ್ಪ ಜಾಸ್ತಿ ಒದೆಯುತ್ತದೆ ಅಷ್ಟೆ.

ಇನ್ನೊಂದು ಮಾತು ಅಂಗಡಿಯವರು ಸಾಧಾರಣವಾಗಿ ಹೇಳುವುದಿಲ್ಲ. ಕೋವಿ ನೋಡಲು ಹೋಗುವಾಗ ನಿನ್ನ ಚಳಿಯ ದಪ್ಪ ಕೋಟು ಹಾಕಿಕೊಂಡು ಹೋಗು. ಸೆಪ್ಟೆಂಬರಿನಲ್ಲಿ ಅಂಗಿಯ ಮೇಲೆ ಹೆಗಲಿಗೆ ಸರಿಯಾಗಿ ಕೂರುವ ಕೋವಿ, ಮೈನಸ್ 20ರಲ್ಲಿ ಕೋಟಿನ ಮೇಲೆ ಉದ್ದ ಆಗುತ್ತದೆ, ಎತ್ತುವಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಕಣ್ಣು ಸ್ಕೋಪಿಗೆ ಸರಿ ಹೋಗುವುದಿಲ್ಲ. ನಾವು ಊರಿನಲ್ಲಿ ಲುಂಗಿ ಬನಿಯನ್‌ನಲ್ಲಿ ತೋಟಕ್ಕೆ ಕೋವಿ ಹಿಡಿದುಕೊಂಡು ಹೋದವರು, ಇದೆಲ್ಲ ತಲೆಗೆ ಹೋಗುವುದೇ ಇಲ್ಲ ಅಲ್ವಾ. ಹಾಗೆಯೇ ಚಳಿಯಿಂದ ಮನೆಗೆ ಬಂದ ಕೂಡಲೇ ಕೋವಿಯನ್ನು ಚೀಲದಿಂದ ತೆಗೆಯಬೇಡ. ಬಿಸಿ ಗಾಳಿ ತಾಗಿ ನಳಿಗೆ ಒಳಗೂ ಹೊರಗೂ ಬೆವರುತ್ತದೆ, ತುಕ್ಕು ಹಿಡಿಯುತ್ತದೆ. ಕಾರಿಗೆ ಹಾಕುವ ಮೊದಲೇ ಖಾಲಿ ಇದೆ ಅಂತ ನೋಡಿಕೊಂಡು, ಮನೆಗೆ ಬಂದ ಮೇಲೆ ಚೀಲದಲ್ಲೇ ಬೀಗದೊಳಗೆ ಇಟ್ಟು, ಕೆಲವು ಗಂಟೆ ಬಿಟ್ಟು ತೆಗೆದು ಒರೆಸು.

ಈಗ ದುಡ್ಡಿನ ವಿಷಯ. ಅಂಗಡಿಯವರಿಗೆ ಅದನ್ನು ಪುನಃ ಮಾರಿ ಲಾಭ ಆಗಬೇಕು, ಹಾಗಾಗಿ ಬದಲಿಗೆ ಕೊಟ್ಟರೆ ನೇರ ಮಾರಿದ್ದಕ್ಕಿಂತ ಕಡಿಮೆಯೇ ಸಿಗುವುದು. ಅವಸರ ಇಲ್ಲದಿದ್ದರೆ ನೀನೇ ಮಾರು. ಸ್ಕೋಪ್ ಒಳ್ಳೆಯದಾಗಿದ್ದರೆ ಬಿಚ್ಚಿ ಇಟ್ಟುಕೋ, ಕೋವಿಯ ಜೊತೆ ಸುಮ್ನೆ ಕೊಟ್ಟರೆ ಅದಕ್ಕೆ ಬೆಲೆ ಕಟ್ಟುವವರು ಕಡಿಮೆ. ಕೊಟ್ಟ ಹಿರಿಯರಿಗೂ ಒಂದು ಮಾತು ಹೇಳು. ಅವರಿಗೆ ಬೇಕಾದರೆ ಅವರಿಗೇ ವಾಪಸ್ ಕೊಡುವುದು ಮರ್ಯಾದೆ.

ಆದರೆ ಯಾರಿಗೇ ಆಗಲಿ, ಹಾಗೇ ಕೈಗೆ ಕೊಟ್ಟುಬಿಡಬೇಡ. ಊರಿನಲ್ಲಿ ಅಪ್ಪನ ಜೋಡು ನಳಿಗೆ ತೋಟೆ ಕೋವಿ ಇತ್ತು, ಹಂದಿ ಬಾಳೆಗೆ ಬರುತ್ತದೆ ಅಂತ ಬೆಳೆ ರಕ್ಷಣೆಗೆ ಕೊಟ್ಟದ್ದು. ಲೈಸೆನ್ಸ್ ಪುಸ್ತಕದಲ್ಲಿ ಆ ಕೋವಿಯ ನಂಬರೇ ಬರೆದಿತ್ತು, ಎಲೆಕ್ಷನ್ ಬಂದಾಗ ಹೋಗಿ ಸ್ಟೇಶನ್ನಿಗೆ ಒಪ್ಪಿಸಬೇಕು, ಹಂದಿಗೆ ಆ ತಿಂಗಳು ಹಬ್ಬ. ಇಲ್ಲಿ ಹಾಗಲ್ಲ, ಲೈಸೆನ್ಸ್ ನಿನಗೆ, ಕೋವಿಗಲ್ಲ. ಬೇಟೆಯ ಸಾಮಾನ್ಯ ರೈಫಲ್‌ಗಳ ನೋಂದಣಿಯನ್ನು 2012ರಲ್ಲಿಯೇ ತೆಗೆದುಹಾಕಿದರು. ಅದಕ್ಕೇ ಹೊಸಬರು ಮಾರಲು ಕಾಗದಪತ್ರವೇ ಬೇಡ ಅಂತ ಎಣಿಸುತ್ತಾರೆ. ಅದು ತಪ್ಪು. 2022ರ ಮೇ ತಿಂಗಳಿನಿಂದ, ತೆಗೆದುಕೊಳ್ಳುವವನ ಲೈಸೆನ್ಸ್ ಊರ್ಜಿತದಲ್ಲಿದೆ ಅಂತ ಸರಕಾರದಿಂದ ಖಚಿತ ಮಾಡಿಸಿ ಒಂದು ರೆಫರೆನ್ಸ್ ನಂಬರ್ ಪಡೆಯಲೇಬೇಕು. ಅದು 90 ದಿನ ನಡೆಯುತ್ತದೆ. ನಮ್ಮ ಕಾಸರಗೋಡಿನವನೇ, ಒಟ್ಟಿಗೆ ಊಟ ಮಾಡುವವನೇ ಆಗಿರಲಿ, ಉಚಿತವಾಗಿಯೇ ಕೊಡುವುದಾಗಲಿ, ನಂಬರ್ ಬಂದ ಮೇಲೆಯೇ ಕೋವಿ ಕೈ ಬದಲಾಗಬೇಕು. ನಿನ್ನ ಲೈಸೆನ್ಸ್ ಮಾತ್ರ ಅಲ್ಲ, ಇಲ್ಲಿ ನೀನು ಕಟ್ಟಿಕೊಳ್ಳುತ್ತಿರುವ ಬದುಕೇ ಇದರ ಮೇಲೆ ನಿಂತಿದೆ.

ಮನೆಯಲ್ಲಿ ಮೂರು ವರ್ಷದ ಮಗು, ಹೆಂಡತಿಗೆ ಕೋವಿ ಅಂದರೆ ಭಯ ಅಂತಲೂ ಬರೆದಿದ್ದೀ. ಅವಳ ಭಯ ಸರಿಯೇ. ಖಾಲಿ ಕೋವಿಗೆ ಟ್ರಿಗರ್ ಲಾಕ್ ಹಾಕಿದರೆ ಕಾನೂನಿಗೆ ಸಾಕು, ಆದರೆ ನೀನು ಲಾಕನ್ನೂ ಹಾಕಿ ಬೀಗದ ಕಬ್ಬಿಣದ ಕಪಾಟಿನಲ್ಲಿಯೂ ಇಡು. ತೋಟೆಗಳು ಬೇರೆ ಕೋಣೆಯಲ್ಲಿ, ಅದಕ್ಕೂ ಬೀಗ. ಕಪಾಟು ಇನ್ನೂ ತೆಗೆದುಕೊಂಡಿಲ್ಲ ಅಂದರೆ ಹೊಸ ರೈಫಲ್‌ಗೆ ಇಟ್ಟ ದುಡ್ಡಿನಲ್ಲಿ ಮೊದಲು ಅದು ಬರಲಿ, ರೈಫಲ್ ಮುಂದಿನ ವರ್ಷ ಆದರೂ ಅಡ್ಡಿ ಇಲ್ಲ. ಬೀಗದ ಕೈ ಎಲ್ಲಿ ಇಡುತ್ತೀ ಅಂತ ಅವಳ ಜೊತೆ ಕೂತು ಮಾತಾಡು.

ಈ ಸೀಸನ್‌ಗೆ ಬದಲಿಸಲು ಆಗದಿದ್ದರೆ .300ಗೇ ಹಗುರವಾದ ಗುಂಡಿನ, ಮದ್ದು ಕಡಿಮೆ ತುಂಬಿದ ತೋಟೆ ಸಿಗುತ್ತದಾ ಅಂತ ಕೇಳಿ ನೋಡು, ಹೆಗಲಿಗೆ ಒಳ್ಳೆಯ ರಬ್ಬರ್ ಪ್ಯಾಡ್ ಹಾಕಿಸು. ಆದರೂ ನಳಿಗೆ ಕುಕ್ಕುತ್ತಿದ್ದರೆ ಈ ನವೆಂಬರಿನಲ್ಲಿ ಕಾಡಿಗೆ ಹೋಗಬೇಡ ಅಂತ ಅಣ್ಣನಾಗಿ ಕೇಳಿಕೊಳ್ಳುತ್ತೇನೆ.

ಬರುವ ಶನಿವಾರ ನಾನು ರೇಂಜ್‌ಗೆ ಹೋಗುವುದಿದೆ. ನಿನ್ನ ರೈಫಲ್ ಹಿಡಿದುಕೊಂಡು ಬಾ, ಸುಳ್ಳು ತೋಟೆ ನನ್ನ ಹತ್ತಿರ ಉಂಟು. ನನ್ನ .308 ಕೂಡ ತರುತ್ತೇನೆ, ಅದರಲ್ಲಿ ಒಂದು ಇಪ್ಪತ್ತು ಈಡು ಹೊಡೆದು ನೋಡು. ಕೋಟು ಮರೆಯಬೇಡ.