ಮಕ್ಕಳ ಕೈಗೆ ದುಡ್ಡು: ಎಷ್ಟು, ಯಾವಾಗ, ಹೇಗೆ?

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಅಂಗಡಿಯಲ್ಲಿ ಏನು ಕಂಡರೂ ‘ಸ್ಕ್ಯಾನ್ ಮಾಡಮ್ಮ’ ಅನ್ನುತ್ತಾನೆ. ಅವರ ತಾತ ಬಂದಾಗಲೆಲ್ಲ ಇನ್ನೂರು ರೂಪಾಯಿ ಕೈಗಿಟ್ಟು ಹೋಗುತ್ತಾರೆ. ಪಾಕೆಟ್ ಮನಿ ಕೊಡಬಹುದೇ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಕೊಡಿ ತಾಯಿ, ಆದರೆ ನೋಟು-ನಾಣ್ಯದಲ್ಲೇ ಕೊಡಿ. ಫೋನಿನಲ್ಲಿ ಐವತ್ತು ಹೋದರೂ ಐನೂರು ಹೋದರೂ ಮಗುವಿಗೆ ಕಾಣುವ ಪರದೆ ಒಂದೇ. ಕೈಯಲ್ಲಿದ್ದ ಐದು ನೋಟು ಎರಡಾದಾಗಲೇ ದುಡ್ಡು ಮುಗಿಯುತ್ತದೆ ಎನ್ನುವುದು ತಿಳಿಯುವುದು.

ವಾರಕ್ಕೆ 50 ರೂಪಾಯಿ ಸಾಕು. ಪ್ರತಿ ಭಾನುವಾರ ಬೆಳಿಗ್ಗೆ ಚಿಲ್ಲರೆಯಾಗಿ ಕೊಟ್ಟು, ಮೂರು ಡಬ್ಬಿಗೆ ಅವನೇ ಹಾಕಲಿ: ಖರ್ಚಿಗೆ 30, ಉಳಿತಾಯಕ್ಕೆ 15, ಬೇರೆಯವರಿಗೆ ಕೊಡಲು 5. ಮಣ್ಣಿನ ಹುಂಡಿಗಿಂತ ಒಳಗಿನದು ಕಾಣುವ ಡಬ್ಬಿ ಒಳ್ಳೆಯದು, ಏರುವುದು ದಿನವೂ ಕಣ್ಣಿಗೆ ಬೀಳುತ್ತದೆ. ಮೊದಲ ಗುರಿ ಆರು ವಾರ ಮೀರದಿರಲಿ, ಅಂದರೆ 90 ರೂಪಾಯಿಯೊಳಗಿನ ಚೆಂಡೋ ಬಣ್ಣದ ಪೆಟ್ಟಿಗೆಯೋ. 600 ರೂಪಾಯಿಯ ಬ್ಯಾಟ್‌ಗೆ 40 ವಾರ ಬೇಕು. ಈ ವಯಸ್ಸಿಗೆ ಅದು ಮುಗಿಯದ ದಾರಿ, ನಡುವೆಯೇ ಕೈಬಿಡುತ್ತಾನೆ.

ಕೆಡುವುದು ಸಾಮಾನ್ಯವಾಗಿ ಬುಧವಾರ. ಮೂವತ್ತೂ ಖಾಲಿಯಾಗಿ ಮಗು ಮುಖ ಸಣ್ಣ ಮಾಡಿಕೊಂಡಾಗ ಹೆತ್ತವರು ಕರಗಿ ಇನ್ನೊಂದು ಇಪ್ಪತ್ತು ಕೊಟ್ಟುಬಿಡುತ್ತಾರೆ. ದಯವಿಟ್ಟು ಕೊಡಬೇಡಿ, ಬೈಯಲೂ ಬೇಡಿ. ಭಾನುವಾರದವರೆಗೆ ಕಾಯುವ ಆ ನಾಲ್ಕು ದಿನಗಳಲ್ಲಿ ಕಲಿಯುವುದನ್ನು ನೀವು ಬಾಯಲ್ಲಿ ಹೇಳಿ ಕಲಿಸಲಾರಿರಿ. ಇನ್ನೊಂದು ತಪ್ಪು, ಹಾಲಿನವರಿಗೆ ಚಿಲ್ಲರೆ ಬೇಕೆಂದು ಮಗುವಿನ ಡಬ್ಬಿಗೆ ಕೈಹಾಕುವುದು. ತೆಗೆಯಲೇಬೇಕಾದರೆ ಕೇಳಿ ತೆಗೆದು, ಚೀಟಿ ಬರೆದಿಟ್ಟು, ಹೇಳಿದ ದಿನವೇ ವಾಪಸ್ ಹಾಕಿ. ಒಮ್ಮೆ ಮರೆತರೂ ಉಳಿತಾಯದ ಮೇಲಿನ ಅವನ ನಂಬಿಕೆ ಹೋಗುತ್ತದೆ.

ತಾತ ಕೊಟ್ಟದ್ದರಲ್ಲಿ ಅರ್ಧ ಉಳಿತಾಯಕ್ಕೆ ಎಂದು ನಿಯಮ ಮಾಡಿ, ತಾತನಿಗೂ ಮೊದಲೇ ತಿಳಿಸಿ. ತಟ್ಟೆ ತೊಳೆದಿದ್ದಕ್ಕೆ, ಹಾಸಿಗೆ ಮಡಚಿದ್ದಕ್ಕೆ ಕಾಸು ಬೇಡ.

ಪೇಟೆ ಬೀದಿಗೆ ಹೋದಾಗ ಒಂದು ಲೆಕ್ಕ ಮಾಡಿಸಿ. 40 ಗ್ರಾಂ ಬಿಸ್ಕತ್ತು 10 ರೂಪಾಯಿ, 150 ಗ್ರಾಂ 30 ರೂಪಾಯಿ ಇದ್ದರೆ ಯಾವುದು ಅಗ್ಗ? ನೂರು ಗ್ರಾಂಗೆ ಮೊದಲನೆಯದು 25, ಎರಡನೆಯದು 20. ಇಲ್ಲಿ ದೊಡ್ಡದು ಅಗ್ಗ, ಆದರೆ ದೊಡ್ಡದೇ ಯಾವಾಗಲೂ ಅಗ್ಗವಲ್ಲ, ಪ್ರತಿ ಸಲ ಭಾಗಿಸಿ ನೋಡುವುದೇ ಅಭ್ಯಾಸವಾಗಲಿ.

ಪ್ರಶ್ನೆ: ನಮ್ಮದು ಕಬ್ಬಿನ ಬೇಸಾಯ. ತಿಂಗಳ ಸಂಬಳವಿಲ್ಲ, ಕಾರ್ಖಾನೆ ದುಡ್ಡು ಬಂದಾಗ ಬಂತು. ಮಕ್ಕಳಿಗೆ ಏನು ಕಲಿಸಲಿ?
– ಪಾಂಡವಪುರ ತಾಲ್ಲೂಕಿನ ರೈತರು

ಉತ್ತರ: ಸಂಬಳದ ಮನೆಯಲ್ಲಿ ಕಲಿಸಲಾಗದ ಪಾಠ ನಿಮ್ಮ ಮನೆಯಲ್ಲಿದೆ. ದುಡ್ಡು ಬಂದ ದಿನ ಮಕ್ಕಳನ್ನು ಕೂರಿಸಿಕೊಂಡು ಹಾಳೆಯಲ್ಲಿ ಬರೆಯಿರಿ: ಬಂದದ್ದು, ಬಿತ್ತನೆ, ಗೊಬ್ಬರ, ಕಟಾವಿನ ಕೂಲಿ, ಸೊಸೈಟಿ ಸಾಲ. ಎಲ್ಲ ಕಳೆದು 1,20,000 ಉಳಿಯಿತು ಅನ್ನಿ. 12ರಿಂದ ಭಾಗಿಸಿದರೆ ತಿಂಗಳಿಗೆ 10,000. ಆದರೆ 15ರಿಂದ ಭಾಗಿಸಿ, 8,000 ಬರುತ್ತದೆ. ಮುಂದಿನ ದುಡ್ಡು ಮೂರು ತಿಂಗಳು ತಡವಾದರೂ ಒಲೆ ಉರಿಯಬೇಕಲ್ಲ, ಅದಕ್ಕೆ. ಹನ್ನೆರಡು-ಹದಿಮೂರರ ಮಕ್ಕಳಿಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ. ಸಾಲದ ಮೊತ್ತವನ್ನು ಮುಚ್ಚಿಡಬೇಡಿ, ಆದರೆ ಅದರ ಚಿಂತೆಯನ್ನು ಅವರ ತಲೆಗೆ ಹೊರಿಸಬೇಡಿ. ಅವರ ಪಾಕೆಟ್ ಮನಿ ಹತ್ತೇ ರೂಪಾಯಿಯಾದರೂ ವರ್ಷವಿಡೀ ಅಷ್ಟೇ ಇರಲಿ. ಸುಗ್ಗಿಯಲ್ಲಿ ನೂರು, ಆಮೇಲೆ ಸೊನ್ನೆ ಆಗಬಾರದು.

ಪ್ರಶ್ನೆ: ಹನ್ನೆರಡು ವರ್ಷದ ಮಗಳ ಹೆಸರಿನಲ್ಲಿ ಖಾತೆ ತೆರೆಯಬಹುದೇ? ಸುಕನ್ಯಾ ಸಮೃದ್ಧಿ ಆಗುತ್ತದೆಯೇ?
– ಕುವೆಂಪುನಗರ, ಮೈಸೂರು

ಉತ್ತರ: ಸುಕನ್ಯಾ ಸಮೃದ್ಧಿ ಹೆಣ್ಣುಮಕ್ಕಳಿಗಾಗಿ ಇರುವ ಸರ್ಕಾರದ ಉಳಿತಾಯ ಯೋಜನೆ. ಆ ಖಾತೆಯನ್ನು ಮಗಳಿಗೆ ಹತ್ತು ತುಂಬುವ ಮೊದಲೇ ತೆರೆಯಬೇಕಿತ್ತು, ಈಗ ಆಗದು. ಆದರೆ ಹತ್ತು ದಾಟಿದ ಮಕ್ಕಳು ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು, ರಿಸರ್ವ್ ಬ್ಯಾಂಕ್ ಇದಕ್ಕೆ ಅವಕಾಶ ಕೊಟ್ಟಿದೆ. ಎಷ್ಟು ಮೊತ್ತದವರೆಗೆ ಎಂಬುದನ್ನು ಆಯಾ ಬ್ಯಾಂಕೇ ಗೊತ್ತು ಮಾಡುತ್ತದೆ. ಅಂಚೆ ಕಚೇರಿಯಲ್ಲಾದರೆ 500 ರೂಪಾಯಿಗೆ ಉಳಿತಾಯ ಖಾತೆ, ತಿಂಗಳಿಗೆ 100 ರೂಪಾಯಿಯಿಂದ ಐದು ವರ್ಷದ ಆರ್‌ಡಿ (ಪ್ರತಿ ತಿಂಗಳು ಒಂದೇ ಮೊತ್ತ ಕಟ್ಟುವ ಠೇವಣಿ) ಸಿಗುತ್ತದೆ. ಚಲನ್ ಅವಳೇ ಬರೆಯಲಿ, ತಪ್ಪಾದರೆ ಇನ್ನೊಂದು ಚಲನ್ ತೆಗೆದುಕೊಳ್ಳಲಿ. ಪಾಸ್‌ಬುಕ್‌ನಲ್ಲಿ ಬಡ್ಡಿ ಬಿದ್ದ ಸಾಲಿಗೆ ಗೆರೆ ಎಳೆಸಿ. ಎಟಿಎಂ ಕಾರ್ಡ್ ಕೊಟ್ಟರೆ ಪಿನ್ ಕಾರ್ಡಿನ ಹಿಂದೆ ಬರೆಯಬಾರದು, ಗೆಳತಿಗೂ ಹೇಳಬಾರದು. ಹದಿನೆಂಟು ತುಂಬಿದಾಗ ಹೊಸದಾಗಿ ಕೆವೈಸಿ (ಗುರುತು-ವಿಳಾಸದ ದಾಖಲೆ) ಮತ್ತು ಮಾದರಿ ಸಹಿ ಕೊಡಬೇಕು, ಆ ತಾರೀಖನ್ನು ಪಾಸ್‌ಬುಕ್‌ನ ಮೊದಲ ಪುಟದಲ್ಲೇ ಪೆನ್ಸಿಲ್‌ನಲ್ಲಿ ಬರೆದಿಡಿ.