ಮನ್ಯಾಗ ಸಾಕಿದ ಟ್ಯಾರಂಟುಲಾನ (ಮೈತುಂಬ ಕೂದಲಿರೋ ದೊಡ್ಡ ಜೇಡ) ಕೈಯಾಗ ಹಿಡೀಬಹುದೇನ್ರಿ?

ಹಿಡೀಲಾಕ ಬರ್ತದ, ಆದ್ರ ಬ್ಯಾಡ್ರಿ ಅಂತೀನಿ ನಾ. ನಾಯಿ ಬೆಕ್ಕಿನಂಗ ಅದಕ್ಕ ನಿಮ್ ಗುರ್ತು ಹತ್ತಂಗಿಲ್ಲ, ಕೈಮ್ಯಾಲ ಸುಮ್ನ ಕೂತದ ಅಂದ್ರ ಅದೇನ್ ಪ್ರೀತಿ ಅಲ್ಲ (ರೀಲ್ಸ್‌ನಾಗ ಹಂಗ ಕಾಣ್ತದ ಅಷ್ಟೇ). ಕಡೀತದ ಅನ್ನೋದಕ್ಕಿಂತ ಕೆಳಗ ಬೀಳೋದೇ ದೊಡ್ಡ ಭಯ, ಯಾಕಂದ್ರ ಅದರ ಹೊಟ್ಟಿ ತೊಗಲು ಭಾಳ ತೆಳು, ನಮ್ ಕಲಬುರಗಿ ಕಡಿ ಮನ್ಯಾಗೆಲ್ಲ ಶಹಾಬಾದ್ ಫರಸಿ ಇರ್ತದ, ನಿಂತ ಎತ್ತರದಿಂದ ಅದರ ಮ್ಯಾಲ ಬಿತ್ತಂದ್ರ ಹೊಟ್ಟಿ ಒಡದು ಸತ್ತೇ ಹೋಗಬಹುದು. ಚಿಲಿಯನ್ ರೋಸ್‌ನಂಥ ಅಮೆರಿಕಾ ಖಂಡದ ಜಾತಿಗಳ ವಿಷ ಕಮ್ಮಿ ಖರೆ, ಆದ್ರ ಹಿಂಗಾಲಿಂದ ಹೊಟ್ಟಿಮ್ಯಾಲಿನ ಕೂದಲ ಕೆರದು ಹಾರಸ್ತಾವ, ಮೈಗೆ ಹತ್ತಿದ್ರ ತುರಿಕಿ, ಕಣ್ಣಾಗ ಬಿದ್ರ ಡಾಕ್ಟರ್ ಹತ್ರ ಓಡೋದೇ. ನಮ್ ದೇಶದ ಪೊಯಿಸಿಲೊಥೇರಿಯಾ ಅನ್ನೋ ಟ್ಯಾರಂಟುಲಾಕ್ಕ ಆ ಕೂದಲ ಇಲ್ಲ, ಆದ್ರ ಭಾಳ ಫಾಸ್ಟು, ಕಡದ್ರ ಸ್ನಾಯು ಹಿಡ್ಕೊಂಡು ದಿನಗಟ್ಲೆ ತ್ರಾಸ ಕೊಡ್ತದ, ಅದನ್ನಂತೂ ಮುಟ್ಟಲೇಬ್ಯಾಡ್ರಿ. ಪೊರೆ ಬಿಟ್ಟ ಹೊಸದರಾಗ ಯಾವುದನ್ನೂ ಮುಟ್ಟಬಾರ್ದು, ಮೈ ಇನ್ನಾ ಮೆತ್ತಗಿರ್ತದ. ಡಬ್ಬಿ ಕ್ಲೀನ್ ಮಾಡೋದಿದ್ರ ನೆಲದ ಮ್ಯಾಲೇ ಕೂತು, ಮುಂದ ಒಂದ್ ಪ್ಲಾಸ್ಟಿಕ್ ಕಪ್ ಹಿಡದು, ಮೆತ್ತನ ಬ್ರಷ್‌ಲೆ ಹಿಂದಿನಿಂದ ಮೆಲ್ಲಕ ಒಳಗ ಸರಸ್ರಿ.